ಮೊಸಳೆಗೆ ಒತ್ತೆಯಿಟ್ಟ ಟೋಪಿ

ಮಾರ್ಚ್ ೩, ಸೋಮವಾರ

ಮೊಸಳೆಯ ಕಂಕುಳಲ್ಲಿ ಹಸಿರು ಹುಣ್ಣು ಎದ್ದಿದೆ.

ಹೋದ ತಿಂಗಳು ಎಳ್ಳಿನಷ್ಟಿತ್ತು. ಒಣಬಟ್ಟೆಯಲ್ಲಿ ಒರೆಸಿದೆ, ಹೋಯಿತು. ಇವತ್ತು ಪೆಟ್ಟಿಗೆ ತೆಗೆದರೆ ಮತ್ತೆ ಬಂದಿದೆ, ಬಾಲದ ಬುಡದಲ್ಲೂ ಒಂದು. ಉಗುರು ತಾಗಿಸಿದರೆ ಪುಡಿ ಉದುರುತ್ತದೆ. ತಾಮ್ರದ ಪಾತ್ರೆಗೆ ಕಿಲುಬು ಹಿಡಿಯುವುದು ಗೊತ್ತು. ಚಿನ್ನದ ಪ್ರಾಣಿಗೆ ಹಿಡಿದದ್ದನ್ನು ನಾನು ಕೇಳಿಲ್ಲ.

ನಮ್ಮೂರು ಪಾಸೊ ಬಿಹಾವೊ ನಿಂತಿರುವುದೇ ಒಂದು ದೊಡ್ಡ ಚಿನ್ನದ ಮೊಸಳೆಯ ಬೆನ್ನ ಮೇಲೆ ಅನ್ನುತ್ತಾರೆ. ತಲೆ ಚರ್ಚಿನ ಕೆಳಗೆ, ಬಾಲ ಕೆರೆಯ ಕೆಳಗೆ. ಅದನ್ನು ಯಾರೂ ನೋಡಿಲ್ಲ. ಕೈಗೆ ಸಿಗುವವನು ನಮ್ಮ ಮನೆಯ ಪೆಟ್ಟಿಗೆಯಲ್ಲಿರುವ ಈ ಗೇಣುದ್ದದವನು ಮಾತ್ರ. ಹಿಂದೆ ಯಾವನೋ ನಾಯಕನ ಕೋಲಿನ ತುದಿಯಲ್ಲಿ ಕೂತಿದ್ದವನಂತೆ. ಅರ್ಧ ಬಾಯಿ ತೆರೆದುಕೊಂಡು, ಯಾರೋ ಹೇಳಿದ ಚಾಡಿ ಕೇಳಿ ನಗುವ ಹಾಗೆ ಕಾಣುತ್ತಾನೆ. ಅಜ್ಜಿ ಇವನನ್ನು ಕಾದಳು, ಅಮ್ಮ ಕಾದಳು, ಈಗ ನಾನು. ನನ್ನ ಕೈಗೆ ಬಂದ ಮೇಲೇ ಇವನಿಗೆ ರೋಗ ಬರಬೇಕೇ?

ಊರಿಗೆ ಹೇಳುವ ಧೈರ್ಯವಿಲ್ಲ. ಅಮ್ಮನಿಗಂತೂ ಇಲ್ಲವೇ ಇಲ್ಲ. ಎಲ್ಲಾದರೂ ಹೇಳಿಕೊಳ್ಳಬೇಕಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಮಾರ್ಚ್ ೫, ಬೂದಿ ಬುಧವಾರ

ಚರ್ಚಿನಲ್ಲಿ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದವಳು ತಡೆಯಲಾಗದೆ ಅಮ್ಮನಿಗೆ ಹೇಳಿಬಿಟ್ಟೆ. ಅವಳು ಟೋಪಿಗೆಂದು ಹುಲ್ಲಿನ ಜಡೆ ಹೆಣೆಯುತ್ತಾ ಕೂತಿದ್ದಳು. ಬೆರಳು ನಿಲ್ಲಲೂ ಇಲ್ಲ.

"ನಂಗೆ ಕ್ರಿಸ್‌ಮಸ್ಸಿಗೇ ಗೊತ್ತಿತ್ತು," ಅಂದಳು. "ಪೊರೆ ಬಂದಿರೋದು ಕಣ್ಣಿಗೆ, ಬೆರಳಿಗಲ್ಲ. ನೀನು ಯಾವಾಗ ಬಾಯಿ ಬಿಡ್ತೀಯಾ ಅಂತ ಕಾಯ್ತಿದ್ದೆ."

"ಮತ್ತೆ ನೀನ್ಯಾಕವ್ವಾ ಹೇಳ್ಲಿಲ್ಲ?"

"ಪೆಟ್ಟಿಗೆ ಬೀಗದಕೈ ಯಾರ ಸೊಂಟದಲ್ಲಿದೆ? ನಿಂದೋ ನಂದೋ?"

ಬೈಸಿಕೊಂಡೆನಾದರೂ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಮಧ್ಯಾಹ್ನ ರಾಜಧಾನಿ ಬೊಗೊತಾದ ಚಿನ್ನದ ಮ್ಯೂಸಿಯಮ್ಮಿಗೆ ಫೋನು ಮಾಡಿದೆ. ಅವರು ಫೋಟೊ ಕೇಳಿದರು, ಕಳಿಸಿದೆ. ಭಾನುವಾರ ಬರುತ್ತಾರಂತೆ. ಚಿನ್ನದ ಪ್ರಾಣಿಗಳಿಗೆ ಅಲ್ಲಿ ಡಾಕ್ಟರಿದ್ದಾರಂತೆ, ಯಾರಿಗೆ ಗೊತ್ತಿತ್ತು.

ಮಾರ್ಚ್ ೯, ಭಾನುವಾರ

ಸಭೆ ಮುಗಿಸಿ ಈಗ ಬಂದೆ. ಕೂಗಿ ಕೂಗಿ ಗಂಟಲು ಕಟ್ಟಿದೆ.

ಮ್ಯೂಸಿಯಮ್ಮಿನಿಂದ ಇಬ್ಬರು ಬಂದಿದ್ದಾರೆ. ಒಬ್ಬಳು ಲೋಹದ ಡಾಕ್ಟರು ಹಿಮೆನಾ, ನನಗೊಬ್ಬ ಮಗಳಿದ್ದಿದ್ದರೆ ಅವಳ ವಯಸ್ಸಿನವಳು. ಇನ್ನೊಬ್ಬರು ಒರಾಸಿಯೊ ಪುಲಿದೊ ಅಂತೆ, ವಯಸ್ಸಾದವರು, ಇಂಥ ಪ್ರಾಣಿಗಳನ್ನು ಸಾಗಿಸಲು ಪೆಟ್ಟಿಗೆ ಕಟ್ಟುವವರು. ತಲೆಗೆ ಕಪ್ಪು ಉಣ್ಣೆ ಟೋಪಿ, ಮೈಗೆ ಸ್ವೆಟರು. ಈ ಸೆಕೆಗೆ ಸ್ವೆಟರು!

ಮೊಸಳೆ ಪೂರ್ತಿ ಚಿನ್ನವಲ್ಲವಂತೆ. ಒಳಗೆ ತಾಮ್ರವೇ ಜಾಸ್ತಿ. ಹಿರಿಯರು ಯಾವುದೋ ಹುಳಿಸೊಪ್ಪಿನ ರಸದಲ್ಲಿ ಕಾಯಿಸಿ ಕಾಯಿಸಿ ಮೇಲ್ಮೈಯ ತಾಮ್ರ ಕಳೆದು ಚಿನ್ನವನ್ನಷ್ಟೇ ಉಳಿಸಿದ್ದರಂತೆ. ಈಗ ಒಳಗಿನ ತಾಮ್ರ ಕೆಟ್ಟು ಹೊರಗೆ ಬರುತ್ತಿದೆ, ಹಾಗೇ ಬಿಟ್ಟರೆ ಸೀಳುತ್ತಾನೆ, ಬೊಗೊತಾಕ್ಕೆ ಒಯ್ದು ವಾಸಿ ಮಾಡಬೇಕು ಎಂದು ಹಿಮೆನಾ ಹೇಳಿದಳು. ಹೇಳಿದ್ದೇ ತಡ, ಮಾವಿನ ಮರದ ಕೆಳಗೆ ಗದ್ದಲ ಶುರುವಾಯಿತು.

ನಮ್ಮ ಪಂಚಾಯಿತಿಯ ಮುಖ್ಯಸ್ಥ ಕ್ಯಾಪ್ಟನ್ ಲಿಬಾರ್ದೊ ಎದ್ದು ನಿಂತರು. "ಇವನು ಊರು ಬಿಟ್ರೆ ಕೆಳಗಿರೋ ದೊಡ್ಡೋನು ಹುಡುಕ್ಕೊಂಡು ಮಗ್ಗಲು ತಿರುಗ್ತಾನೆ. ಆಮೇಲೆ ನಿನ್ನ ಮನೇನೂ ಇರಲ್ಲ, ನನ್ನ ಮನೇನೂ ಇರಲ್ಲ."

"ಕ್ಯಾಪ್ಟನ್, ನಿಮ್ಮ ಮೊಮ್ಮಗೂಗೆ ಜ್ವರ ಬಂದಾಗ ಮೊಂತೇರಿಯಾ ಆಸ್ಪತ್ರೆಗೆ ಕರ್ಕೊಂಡು ಹೋದ್ರೋ, ಇಲ್ಲೇ ಮಲಗಿಸ್ಕೊಂಡು ಕೂತ್ರೋ?" ಅಂದೆ.

"ಅದು ಮಗು."

"ಹಂಗಾದ್ರೆ ಇವನೇನು, ಒರಳಾ?"

ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಹಿಂದಿನಿಂದ ಯಾರೋ ಕೂಗಿದರು: "ಒರಳು ಕೊಟ್ರೂ ಟೋಪಿ ಇಟ್ಟು ಹೋಗ್ತಾರಕ್ಕಾ! ಇವರೇನು ಇಟ್ಟು ಹೋಗ್ತಾರೆ?"

ಮಾತು ಸರಿಯೇ. ನಮ್ಮೂರಲ್ಲಿ ಏನನ್ನೇ ಎರವಲು ಒಯ್ಯಲಿ, ಕೊಟ್ಟವರ ಮನೆಯ ಗೂಟಕ್ಕೆ ತಮ್ಮ ಟೋಪಿ ಸಿಕ್ಕಿಸಿ ಬರಿತಲೆಯಲ್ಲಿ ಹೋಗಬೇಕು. ಸಾಮಾನು ವಾಪಸ್ ತಂದ ಮೇಲೆ ಟೋಪಿ. ಈ ಬಿಸಿಲಿಗೆ ಯಾರೂ ಬಹಳ ದಿನ ಸಾಮಾನು ಇಟ್ಟುಕೊಳ್ಳುವುದಿಲ್ಲ. ಹಿಮೆನಾ ಪಾಪ ಮೂರು ಸೀಲು ಹೊಡೆದ ರಸೀದಿ ತೋರಿಸಿದಳು. "ಅದನ್ನ ಗೂಟಕ್ಕೆ ಹೆಂಗೆ ಸಿಕ್ಕಿಸೋದು?" ಎಂದು ಲಿಬಾರ್ದೊ ಕೇಳಿದರು. ಆಗ ಪೆಟ್ಟಿಗೆ ಕಟ್ಟುವ ಪುಲಿದೊ ತಮ್ಮ ಕಪ್ಪು ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಡಿದು ಮುಂದೆ ಬಂದರು.

"ನಂದಿದೆ," ಅಂದರು.

ಅಮ್ಮ ಕೂತಲ್ಲಿಂದಲೇ, "ಬೊಗೊತಾದಲ್ಲಿ ಬಿಸಿಲೇ ಇಲ್ಲ. ಅಲ್ಲಿ ಬರಿತಲೇಲಿ ಓಡಾಡಿದ್ರೆ ಯಾವೋನಿಗೆ ನೋವು? ಇಡೋದಾದ್ರೆ ಟೋಪಿ ಜೊತೆ ತಲೇನೂ ಇಡ್ಲಿ," ಅಂದಳು. ಇಡೀ ಸಭೆ ನಕ್ಕಿತು.

ಅವರು ನಗಲಿಲ್ಲ. "ಆಗಲಿ ಅಮ್ಮಾವ್ರೇ. ಅವನು ವಾಪಸ್ ಬರೋವರೆಗೂ ನಾನು ಇಲ್ಲೇ ಇರ್ತೀನಿ, ನನ್ನ ರಜೆ ಬೇಕಾದಷ್ಟು ಬಾಕಿ ಇದೆ," ಅಂದರು.

ಅಲ್ಲಿಗೂ ಮುಗಿಯಲಿಲ್ಲ. ಈಸ್ಟರ್ ಹಬ್ಬದ ಹಿಂದಿನ ದಿನ, ಪವಿತ್ರ ಶನಿವಾರ, ಇಡೀ ಊರು ಸಾಲುಗಟ್ಟಿ ಬಂದು ಮೊಸಳೆಯನ್ನು ಮುಟ್ಟುವ ದಿನ. ಬಸುರಿಯರು ಬೆನ್ನು ಸವರುತ್ತಾರೆ, ಮೀನು ಹಿಡಿಯುವವರು ಹಲ್ಲಿಗೆ ಬೆರಳು ಕೊಡುತ್ತಾರೆ. ಅಷ್ಟರೊಳಗೆ ಬರದಿದ್ದರೆ ಏನು ಎಂದು ಜನ ಕೇಳಿದರು. ನನಗೆ ಎಲ್ಲಿಂದ ಬಂತೋ ಆವೇಶ. "ಬರದಿದ್ರೆ ಪೆಟ್ಟಿಗೇನೂ ಬೀಗದಕೈನೂ ಕ್ಯಾಪ್ಟನ್ ತಂಗಿ ಮನೆಗೆ ಕಳಿಸ್ತೀನಿ. ನಮ್ಮ ಮನೆತನ ಇನ್ನು ಅವನನ್ನ ಕಾಯಲ್ಲ," ಅಂದುಬಿಟ್ಟೆ. ಅಮ್ಮ ದಾರಿಯುದ್ದಕ್ಕೂ ಕೋಲನ್ನು ನೆಲಕ್ಕೆ ಕುಟ್ಟುತ್ತಲೇ ಬಂದಳು.

ಮಾರ್ಚ್ ೧೦, ಸೋಮವಾರ

ಹೋದ. ಹಿಮೆನಾ ಅವನನ್ನು ಒಯ್ದಳು. ಪುಲಿದೊ ಅವರು ಸ್ಪಂಜಿನಂಥದ್ದನ್ನು ಕೊರೆದು ಕೊರೆದು ಅವನ ಮೈಯಚ್ಚಿಗೆ ಹಾಸಿಗೆ ಮಾಡಿದ್ದರು. ಬಾಲದ ಡೊಂಕಿಗೂ ಜಾಗ ಇತ್ತು. ಮುಚ್ಚಳ ಹಾಕುವಾಗ ನಾನು ಅತ್ತ ತಿರುಗಿ ನಿಂತೆ.

ಕಪ್ಪು ಟೋಪಿ ಈಗ ನಮ್ಮ ಗೂಟದಲ್ಲಿದೆ. ಅರ್ಸೆಸಿಯೊ ವೆನೆಜುವೆಲಾಕ್ಕೆ ಹೋದಾಗಿನಿಂದ ಆ ಗೂಟ ಖಾಲಿಯಿತ್ತು. ತೈಲದ ಕೆಲಸ, ಕ್ರಿಸ್‌ಮಸ್ಸಿಗೆ ಬಂದುಬಿಡುತ್ತೇನೆ ಎಂದು ಹೇಳಿ, ಟೋಪಿ ತಲೆಯ ಮೇಲೆ ಇಟ್ಟುಕೊಂಡೇ ಹೋದ ನನ್ನ ಗಂಡ, ಬರಲೇ ಇಲ್ಲ. ಅದನ್ನು ನೋಡಿಯೇ ಅಮ್ಮ ಅವತ್ತು ರಾತ್ರಿ ಇಬ್ಬರಿಗಾಗುವಷ್ಟೇ ಅಕ್ಕಿ ಹಾಕಿದ್ದಳು.

ಮಾರ್ಚ್ ೧೩, ಗುರುವಾರ

ಈ ಒತ್ತೆ ಮನುಷ್ಯರನ್ನು ಸಾಕುವುದು ಸುಲಭವಲ್ಲ. ನೀರು ಕೊಟ್ಟರೆ ಥ್ಯಾಂಕ್ಸ್, ಲೋಟ ತೆಗೆದರೆ ಥ್ಯಾಂಕ್ಸ್, ಕೋಳಿ ದಾರಿ ಬಿಟ್ಟರೂ ಥ್ಯಾಂಕ್ಸ್. ಜೋಲಿಯಲ್ಲಿ ಮಲಗಲು ಬರುವುದಿಲ್ಲ, ಬೆಳಗಿನ ಜಾವ ದಬ್ ಎಂದು ಬಿದ್ದರು. ಹುಳಿ ಕೆನೆಯನ್ನು ಮೂಸಿ ನೋಡಿ ತಟ್ಟೆಯ ಅಂಚಿಗೆ ಸರಿಸಿದರು. ಅಮ್ಮ ಅವರಿಗೆ ಬೊಗೊತಾ ಎಂದೇ ಹೆಸರಿಟ್ಟಿದ್ದಾಳೆ.

"ಏ ಬೊಗೊತಾ, ಸ್ವೆಟರು ಬಿಚ್ಚಯ್ಯ. ನಿನ್ನ ನೋಡಿದ್ರೆ ನಂಗೆ ಬೆವರು ಬತ್ತದೆ."

"ಅಭ್ಯಾಸ ಆಗಿಬಿಟ್ಟಿದೆ ಅಮ್ಮಾವ್ರೇ. ತಾವು ಕ್ಷಮಿಸಬೇಕು."

"ಕ್ಷಮಿಸೋಕೆ ನೀನೇನು ನನ್ನ ಕೋಳಿ ಕದ್ದಿದ್ದೀಯಾ?"

ಪವಿತ್ರ ಶನಿವಾರ ಯಾವಾಗ ಬರುತ್ತದೋ, ಇವರು ಯಾವಾಗ ತೊಲಗುತ್ತಾರೋ.

ಮಾರ್ಚ್ ೧೯, ಬುಧವಾರ

ಕೈ ಸುಮ್ಮನಿರುವುದಿಲ್ಲ ಆ ಮನುಷ್ಯರದು. ನಮ್ಮ ಕೋಳಿಯನ್ನು ಹಿಡಿದು ಅಳತೆ ತೆಗೆದು, ಹಲಗೆ ಕೂಡಿಸಿ, ಹುಲ್ಲು ಹಾಸಿ, ಅದರ ಮೈಗೆ ಸರಿಯಾಗಿ ಗೂಡು ಮಾಡಿದರು. ಕೋಳಿ ಬಂತು, ನೋಡಿತು, ಗೂಡಿನ ಪಕ್ಕದಲ್ಲಿ ನೆಲದ ಮೇಲೆ ಮೊಟ್ಟೆ ಇಟ್ಟು ಹೋಯಿತು. ಅಮ್ಮ ನಕ್ಕು ನಕ್ಕು ಕೆಮ್ಮು ಬರಿಸಿಕೊಂಡಳು. ಪುಲಿದೊ ಅವರೂ ನಕ್ಕರು. ನಗುವಾಗ ಮುಖ ಬೇರೆಯೇ ಆಗುತ್ತದೆ.

ಸ್ವೆಟರು ಬಿಚ್ಚಿದ್ದಾರೆ. ಒಳಗೆ ಇಸ್ತ್ರಿ ಮಾಡಿದ ಶರ್ಟು. ಎಲ್ಲಿ ಇಸ್ತ್ರಿ ಮಾಡಿದರೋ ದೇವರಿಗೇ ಗೊತ್ತು.

ಮಾರ್ಚ್ ೨೩, ಭಾನುವಾರ

ಅಮ್ಮ ಅವರಿಗೆ ಜಡೆ ಹೆಣೆಯಲು ಕಲಿಸುತ್ತಿದ್ದಾಳೆ. ಕಲಿಸುವುದು ಎಂದರೆ ಬೈಯುವುದು. ಕಪ್ಪು ಎಳೆ ಬಿಳಿ ಎಳೆ ಸೇರಿ ಆಮೆ ಬೆನ್ನಿನ ಚಿತ್ರ ಬರಬೇಕಾದಲ್ಲಿ ಏನೋ ಗಂಟು ಬಂದಿತ್ತು. ಅಮ್ಮ ಬೆರಳಾಡಿಸಿ, "ಈ ಆಮೆ ಗಾಡಿ ಕೆಳಗೆ ಸಿಕ್ಕಿತ್ತಾ?" ಅಂದಳು.

ಆಗ ಪುಲಿದೊ ಅವರು ಹೇಳಿದರು, ನಮ್ಮ ಮೊಸಳೆಯ ಬೆನ್ನ ಮೇಲಿನ ಹುರುಪೆಗಳೂ ಹೀಗೇ ಹೆಣಿಗೆಯಂತೆ. ಜೇನುಮೇಣವನ್ನು ದಾರದ ಹಾಗೆ ಎಳೆದು ಜಡೆ ಹಾಕಿ, ಅದರ ಮೇಲೆ ಮಣ್ಣು ಮೆತ್ತಿ, ಸುಟ್ಟು, ಮೇಣ ಕರಗಿ ಖಾಲಿಯಾದ ಜಾಗಕ್ಕೆ ಲೋಹ ಹುಯ್ದದ್ದು. ಅಮ್ಮ ಬೆರಳು ನಿಲ್ಲಿಸಿದಳು. "ಹಂಗಾದ್ರೆ ಅವನನ್ನ ಮಾಡಿದ್ದು ಹೆಂಗಸೇ," ಅಂದಳು. "ಗಂಡಸರ ಕೈಲಿ ಇದಾಗಲ್ಲ. ನಿನ್ನ ಆಮೆ ನೋಡಿದ್ರೆ ಗೊತ್ತಾಗ್ತದೆ."

ಸಂಜೆ ಮೀನು ಸೀಳುತ್ತಾ ನಾನು ಕೇಳಿದೆ, ಇನ್ನೂ ಯಾವ ಯಾವ ಪ್ರಾಣಿಗಳಿಗೆ ಹಾಸಿಗೆ ಮಾಡಿದ್ದೀರಿ ಅಂತ. ಕೊಕ್ಕು ಉದ್ದದ ಹಕ್ಕಿಗಳು, ಒಂದು ಗೂಬೆ, ಕೊಂಬು ಮುರಿದ ಜಿಂಕೆ, ಬಾಲ ಸುರುಳಿ ಸುತ್ತಿಕೊಂಡ ಹುಲಿ, ಬೆರಳುಗುರಿನಷ್ಟು ಕಪ್ಪೆಗಳು ಎಂದು ಹೇಳುತ್ತಾ ಹೋದರು. ಪ್ಯಾರಿಸ್ಸಿಗೆ, ಟೋಕಿಯೊಗೆ ಎಲ್ಲಾ ಕಳಿಸಿದ್ದಾರೆ.

"ಎಲ್ಲಾ ವಾಪಸ್ ಬಂದ್ವಾ?" ಎಂದು ಕೇಳಿದೆ.

"ಮ್ಯೂಸಿಯಮ್ಮಿಗೆ ಬಂದ್ವು. ಮನೆಗೆ ಯಾವುದೂ ಹೋಗ್ಲಿಲ್ಲ ಎದಿಲ್ಮಾ ಅವ್ರೇ. ಅವುಗಳ ಮನೆ ಯಾವುದು ಅಂತಾನೇ ಯಾರಿಗೂ ಗೊತ್ತಿಲ್ಲ. ಮನೆಗೆ ವಾಪಸ್ ಬರೋ ಪ್ರಾಣಿಗೆ ನಾನು ಪೆಟ್ಟಿಗೆ ಕಟ್ಟಿದ್ದು ಇದೇ ಮೊದಲು."

ಅದಕ್ಕೇ ಟೋಪಿ ಕೊಟ್ಟರೋ ಏನೋ. ಕೇಳಲಿಲ್ಲ. ಹುಳಿ ಕೆನೆ ಇವತ್ತು ಎರಡು ಸಲ ಹಾಕಿಸಿಕೊಂಡರು.

ಏಪ್ರಿಲ್ ೬, ಭಾನುವಾರ

ನೆಲ ಅಲುಗಾಡಿತು.

ಮಧ್ಯಾಹ್ನ ಊಟದ ಹೊತ್ತು. ಮೊದಲು ನಾಯಿ ಬೊಗಳಿತು, ಆಮೇಲೆ ಕಪಾಟಿನ ತಟ್ಟೆಗಳು, ಆಮೇಲೆ ಯಾರೂ ಎಳೆಯದೆ ಚರ್ಚಿನ ಗಂಟೆ ಒಂದು ಸಲ ಬಾರಿಸಿತು. ನೀರಿನ ಗಡಿಗೆ ಬಿದ್ದು ಒಡೆಯಿತು. ಅಷ್ಟೇ. ಯಾರಿಗೂ ಏನೂ ಆಗಲಿಲ್ಲ. ಆದರೆ ಗಡಿಗೆಯ ಚೂರು ಗುಡಿಸುವುದರೊಳಗೆ ಅಂಗಳದ ತುಂಬಾ ಜನ. ಮುಂದೆ ಲಿಬಾರ್ದೊ.

"ಹೇಳಿದ್ದೆ ತಾನೇ ತಾಯೀ? ತಿರುಗ್ತಿದಾನೆ! ಮಗೂನ ಕಳಕೊಂಡೋನ ಥರ ತಿರುಗ್ತಿದಾನೆ!"

ಪುಲಿದೊ ಅವರು ಸಮಾಧಾನ ಮಾಡಲು ಹೋಗಿ ಕೆಡಿಸಿದರು. "ಇದು ತುಂಬಾ ಚಿಕ್ಕದು. ನಮ್ಮೂರಲ್ಲಿ ಇಂಥದ್ದಕ್ಕೆ ಯಾರೂ ಕುರ್ಚಿಯಿಂದ ಏಳಲ್ಲ," ಅಂದರು. ಅಂಗಳ ಭುಗಿಲೆದ್ದಿತು. ಒಬ್ಬಳು ಅವರ ಟೋಪಿಯನ್ನು ಸುಟ್ಟುಬಿಡಿ ಎಂದಳು. ನಾನು ಬಾಗಿಲಿಗೆ ಅಡ್ಡ ನಿಂತೆ. ಎರವಲು ವಾಪಸ್ ಬರುವ ಮೊದಲು ಟೋಪಿ ಮುಟ್ಟಿದವರ ಮನೆಗೆ ಇನ್ನು ಯಾರಾದರೂ ಉಪ್ಪು ಕೊಡುತ್ತಾರಾ ನೋಡೋಣ ಎಂದು ಕೂಗಾಡಿದೆ. ಇನ್ನೂ ಏನೇನೋ ಅಂದೆ, ಬರೆಯಲು ನಾಚಿಕೆ.

ಕೊನೆಗೆ ಅಮ್ಮ ಒಳಗಿನಿಂದ ಆ ಹಾಳು ಆಮೆಯ ಜಡೆ ತಂದು ಲಿಬಾರ್ದೊ ಕೈಗೆ ಕೊಟ್ಟಳು. "ನೋಡಪ್ಪಾ ಕ್ಯಾಪ್ಟನ್, ನಮ್ಮ ಬೊಗೊತಾ ಹೆಣೆದಿರೋದು. ದೊಡ್ಡೋನು ಇದನ್ನ ನೋಡಿ ನಗಾಡಿದಾನೆ. ಹೊಟ್ಟೆ ಕುಲುಕಿದೆ. ಅಷ್ಟೇಯ."

ಲಿಬಾರ್ದೊ ಜಡೆಯನ್ನು ತಿರುವಿ ನೋಡಿದರು. ತುಟಿ ಬಿಗಿ ಹಿಡಿದರೂ ಆಗಲಿಲ್ಲ, ನಕ್ಕೇಬಿಟ್ಟರು. ಜನ ಚದುರಿದರು. ಹೋಗುವಾಗ ಮಾತ್ರ, "ಪವಿತ್ರ ಶನಿವಾರ. ನೆನಪಿರ್ಲಿ," ಅಂದರು.

ನೆಲದಡಿಯವನನ್ನು ನಾನು ಅಷ್ಟಾಗಿ ನಂಬಿದವಳಲ್ಲ. ಆದರೂ ಸಂಜೆ ಖಾಲಿ ಪೆಟ್ಟಿಗೆಯ ಮುಂದೆ ಕೂತು, ಅವನು ಹುಷಾರಾಗಿದ್ದಾನೆ, ಬರುತ್ತಾನೆ, ಸುಮ್ಮನೆ ಮಲಗು ಎಂದು ನೆಲಕ್ಕೆ ಹೇಳಿದೆ.

ಏಪ್ರಿಲ್ ೮, ಮಂಗಳವಾರ

ಹಿಮೆನಾ ಫೋನು ಮಾಡಿದಳು. ಹುಣ್ಣು ನಿಂತಿದೆ! ಒಣಗುತ್ತಿದೆ! ನಾನು ಕುಣಿಯುವುದೊಂದು ಬಾಕಿ.

ಆಮೇಲೆ ಕಾರಣ ಹೇಳಿದಳು. ಉಪ್ಪು. ಕೈಬೆವರಿನ ಉಪ್ಪು. ವರ್ಷವರ್ಷವೂ ಮುಟ್ಟಿದ ಅಷ್ಟೂ ಕೈಗಳದು ಒಳಗಿಳಿದು ತಾಮ್ರವನ್ನು ತಿನ್ನುತ್ತಿತ್ತಂತೆ. ಇನ್ನು ಮೇಲೆ ಬರಿಗೈಯಲ್ಲಿ ಯಾರೂ ಮುಟ್ಟಬಾರದು.

ಕಳ್ಳರಲ್ಲ, ಮಳೆಯಲ್ಲ, ಮುದ್ದು ಮಾಡಿ ಮಾಡಿ ನಾವೇ ಅವನನ್ನು ಕಾಯಿಲೆಗೆ ಕೆಡವಿದ್ದೇವೆ. ಇದನ್ನು ಊರಿಗೆ ಹೇಗೆ ಹೇಳಲಿ? ಮುಟ್ಟಲು ಕಾಯುತ್ತಿರುವವರಿಗೆ ಮುಟ್ಟಬೇಡಿ ಎನ್ನಬೇಕು. ಅಮ್ಮನಿಗೆ ಹೇಳಿದರೆ ಅವಳು ತನ್ನ ಎರಡೂ ಅಂಗೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. ನಮ್ಮ ಬೊಗೊತಾ ಒರಾಸಿಯೊ ಅವರು ಕಾಫಿ ಮಾಡಿ ತಂದುಕೊಟ್ಟರು. ನಮ್ಮ ಒಲೆ ಹೊತ್ತಿಸಲು ಯಾವಾಗ ಕಲಿತರೋ.

ಏಪ್ರಿಲ್ ೧೧, ಶುಕ್ರವಾರ

ಮ್ಯೂಸಿಯಮ್ಮಿನ ಯಾರೋ ದೊಡ್ಡವರ ಫೋನು. ಪವಿತ್ರ ವಾರ ಕಚೇರಿಗೆ ರಜೆ, ಸಾಗಿಸಲು ಜನರಿಲ್ಲ, ಹಬ್ಬ ಮುಗಿದ ಮೇಲೆ ಕಳಿಸುತ್ತೇವೆ, ಒಂದು ವಾರದಲ್ಲಿ ಏನಾಗುತ್ತದೆ ಎಂದರು.

ಏನಾಗುತ್ತದೆ! ಮೂರು ತಲೆಮಾರಿನ ಬೀಗದಕೈ ಹೋಗುತ್ತದೆ. ಒರಾಸಿಯೊ ಅವರು ನನ್ನ ಕೈಯಿಂದ ಫೋನು ತೆಗೆದುಕೊಂಡರು. ಅವರಿಗೆ ಸಿಟ್ಟು ಬಂದದ್ದನ್ನು ಮೊದಲ ಸಲ ನೋಡಿದೆ. ಸಿಟ್ಟಿನಲ್ಲೂ ತಾವು, ದಯವಿಟ್ಟು ಬಿಡುವುದಿಲ್ಲ.

"ತಾವು ದಯವಿಟ್ಟು ಕೇಳಿ. ನನ್ನ ಟೋಪಿ ಇಲ್ಲಿ ಗೂಟದಲ್ಲಿದೆ. ಅಲ್ಲ, ಟೋಪಿ. ಹೌದು, ತಲೆಗೆ ಹಾಕೋದು. ಹೊಸದು ಕೊಡಿಸ್ತೀರಾ? ತಾವು ದಯವಿಟ್ಟು ಆ ಮಾತು ಇನ್ನೊಂದು ಸಲ ಆಡಬೇಡಿ. ನಾನು ಮಾತು ಕೊಟ್ಟಿದ್ದೀನಿ. ಮ್ಯೂಸಿಯಮ್ಮಿನ ಪರವಾಗಿ ಅಲ್ಲ, ನನ್ನ ತಲೆ ಪರವಾಗಿ."

ಹಿಮೆನಾಳನ್ನು ಫೋನಿಗೆ ಕರೆಸಿ ಅವಳೊಡನೆ ಮೆಲ್ಲಗೆ ಮಾತಾಡಿದರು. ಅವಳು ನೋಡುತ್ತೇನೆ ಅಂದಳಂತೆ. ನೋಡುತ್ತೇನೆ ಅಂದರೆ ಏನರ್ಥ?

ಏಪ್ರಿಲ್ ೧೬, ಬುಧವಾರ

ಪವಿತ್ರ ವಾರದಲ್ಲಿ ಊರಿನ ಮನೆಮನೆಯಿಂದ ಸಿಹಿಯ ಬಟ್ಟಲುಗಳು ಓಡಾಡುತ್ತವೆ. ಪಪ್ಪಾಯಿಯದು, ಗೆಣಸಿನದು, ತೊಗರಿಕಾಳಿನದು. ಈ ವರ್ಷ ನಾನು ಎಲ್ಲ ಮನೆಗೂ ಕಳಿಸಿದೆ. ನಮಗೆ ಒಂದು ಬಟ್ಟಲೂ ಬಂದಿಲ್ಲ.

ಅಳು ಬಂತು. ಒರಾಸಿಯೊ ಅವರು ನೋಡಿಯೂ ನೋಡದವರ ಹಾಗೆ ಪಾತ್ರೆಯ ತಳದಲ್ಲಿ ಉಳಿದಿದ್ದ ತೊಗರಿ ಸಿಹಿಯನ್ನು ಕೆರೆದು ಕೆರೆದು ತಿಂದು, "ಬೊಗೊತಾದಲ್ಲಿ ಇದನ್ನ ಬೇಳೆ ಅಂತ ಸಾರು ಮಾಡಿ ಹಾಳು ಮಾಡ್ತಾರೆ," ಅಂದರು. ನಗು ಬಂದುಬಿಟ್ಟಿತು.

ಏಪ್ರಿಲ್ ೧೮, ಶುಕ್ರವಾರ

ಸುದ್ದಿಯಿಲ್ಲ. ಹಿಮೆನಾಳ ಫೋನು ಸ್ವಿಚಾಫ್. ಬೀಗದಕೈಯನ್ನು ಸೊಂಟದಿಂದ ಬಿಚ್ಚಿ ತೊಳೆದು ಇಟ್ಟಿದ್ದೇನೆ.

ಏಪ್ರಿಲ್ ೧೯, ಪವಿತ್ರ ಶನಿವಾರ

ಬಂದ. ಬಂದ. ಬಂದ.

ಬೆಳಗ್ಗೆಯೇ ಅಂಗಳದಲ್ಲಿ ಜನ. ಲಿಬಾರ್ದೊ ತಂಗಿ ಹೊಸ ಬಟ್ಟೆ ತೊಟ್ಟವಳ ಠೀವಿಯಲ್ಲಿ ಬಂದು ಮುಂದಿನ ಬೆಂಚಿನಲ್ಲಿ ಕೂತಿದ್ದಳು. ಬಿಸಿಲು ಏರಿತು. ಒರಾಸಿಯೊ ಅವರು ಬರಿತಲೆಯಲ್ಲಿ ರಸ್ತೆಯ ತಿರುವಿನಲ್ಲಿ ನಿಂತವರು ಕದಲಲಿಲ್ಲ. ನೆರಳಿಗೆ ಬನ್ನಿ ಎಂದು ಎಷ್ಟು ಕರೆದರೂ ಇಲ್ಲ. ನಡುಹಗಲು ದಾಟಿತು. ನಾನು ಬೀಗದಕೈ ತರಲು ಒಳಗೆ ಹೋದೆ. ತೆಗೆದುಕೊಂಡು ಹೊರಗೆ ಬರುವಷ್ಟರಲ್ಲಿ ರಸ್ತೆಯಲ್ಲಿ ಧೂಳು, ಧೂಳಿನ ಹಿಂದೆ ಒಂದು ಜೀಪು, ಜೀಪಿನ ಮುಂದೆ ಕೈ ಬೀಸುತ್ತಾ ಓಡಿ ಬರುತ್ತಿರುವ ಒರಾಸಿಯೊ.

ಹಿಮೆನಾ ತನ್ನ ರಜೆ ಬಿಟ್ಟು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು. ನಿನ್ನೆ ವಿಮಾನದಲ್ಲಿ ಫೋನು ಆರಿಸಿದವಳು, ರಾತ್ರಿ ಮೊಂತೇರಿಯಾದಲ್ಲಿ ತಂಗಿದಾಗಲೂ ಮತ್ತೆ ಹಚ್ಚುವುದನ್ನೇ ಮರೆತಿದ್ದಳಂತೆ. ಬೈಯಬೇಕು ಅಂದುಕೊಂಡು ತಬ್ಬಿಕೊಂಡೆ. ಮುಚ್ಚಳ ತೆಗೆದರೆ ಅದೇ ಬಾಯಿ, ಅದೇ ನಗು. ಕಂಕುಳು ಶುದ್ಧವಾಗಿತ್ತು.

ಜನ ಮುಟ್ಟಲು ಮುಂದೆ ನುಗ್ಗಿದರು. ಆಗ ಆ ಬೆವರಿನ ಉಪ್ಪಿನ ಮಾತು ಹೇಳಲೇಬೇಕಾಯಿತು. ಹೇಳಿದೆ. ಒಬ್ಬರ ಮುಖವೂ ಏಳಲಿಲ್ಲ. ಎಲ್ಲರೂ ತಂತಮ್ಮ ಕೈಗಳನ್ನು ನೋಡಿಕೊಂಡರು. "ನಾವು ಮುಟ್ಟಿದ್ದೇ ಅವನಿಗೆ ವಿಷ ಆಯ್ತಾ?" ಎಂದು ಲಿಬಾರ್ದೊ ಕೇಳಿದರು. ಮೊದಲ ಸಲ ಅವರ ಮೇಲೆ ಕರುಣೆ ಬಂತು.

ಅಮ್ಮ ಕೋಲು ಕುಟ್ಟಿದಳು. "ಅಳೋದಾದ್ರೆ ಮನೆಗೆ ಹೋಗಿ ಅಳಿ. ಎದಿಲ್ಮಾ, ಆ ಹುಡುಗಿ ತಂದಿರೋ ಕೈಗವಸು ಹಾಕ್ಕೊಂಡು ನೀನು ಮುಟ್ಟೇ. ನಿನ್ನ ಇನ್ನೊಬ್ಬರು ಮುಟ್ಲಿ. ಅವರನ್ನ ಇನ್ನೊಬ್ಬರು. ಹಂಗೇ ಸಾಲಾಗಿ. ನಮ್ಮ ನಮ್ಮ ಮೈಗೆ ಉಪ್ಪು ತಗುಲಿದ್ರೆ ಯಾರೂ ಸಾಯಲ್ಲ."

ಹಿಮೆನಾ ಇದಕ್ಕೆ ಅಡ್ಡಿಯಿಲ್ಲ ಅಂದಳು. ನಾನು ಬಿಳಿ ಕೈಗವಸು ಹಾಕಿಕೊಂಡು ಅವನ ಬೆನ್ನ ಮೇಲೆ ಬೆರಳಿಟ್ಟೆ. ನನ್ನ ಹಿಂದೆ ನಿಲ್ಲಬೇಕಾದವರು ಕ್ಯಾಪ್ಟನ್. ಅವರು ಹಿಂದೆ ಸರಿದು ಒರಾಸಿಯೊ ಅವರನ್ನು ಮುಂದೆ ತಳ್ಳಿದರು: "ಟೋಪಿ ಇಟ್ಟೋನು ಮೊದಲು. ನಿಂತ್ಕೊಳ್ಳಯ್ಯ."

ಭುಜದ ಮೇಲೆ ಕೈ ಬಿತ್ತು. ಭಾರವಿಲ್ಲದ ಕೈ, ಮೊಸಳೆಯನ್ನು ಹಾಸಿಗೆಗೆ ಇಳಿಸುವಾಗ ಇದ್ದಂಥದ್ದು. ಅವರ ಭುಜಕ್ಕೆ ಲಿಬಾರ್ದೊ, ಲಿಬಾರ್ದೊಗೆ ಅವರ ತಂಗಿ, ಅವಳಿಗೆ ಬಸುರಿಯರು, ಮೀನಿನವರು, ಕುರ್ಚಿಯಲ್ಲಿ ಅಮ್ಮ. ಸಾಲು ಚರ್ಚನ್ನು ಸುತ್ತಿ ಕೆರೆಯ ದಾರಿಯವರೆಗೂ ಹೋಗಿತ್ತಂತೆ. ನಾನು ತಿರುಗಿ ನೋಡಲಿಲ್ಲ. ಎಷ್ಟು ಹೊತ್ತು ನಿಂತೆವೋ ಗೊತ್ತಿಲ್ಲ. ಸಾಲಿನ ಕೊನೆಯಿಂದ ಯಾರೋ "ಇಲ್ಲಿಗೂ ಬಂತು!" ಎಂದು ಕೂಗಿದರು, ಇಡೀ ಊರು ಹೋ ಎಂದಿತು.

ಏಪ್ರಿಲ್ ೨೦, ಭಾನುವಾರ

ಬೆಳಗಿನಿಂದ ಬಟ್ಟಲುಗಳು ಬರುತ್ತಿವೆ. ಮೇಜಿನ ಮೇಲೆ ಜಾಗವಿಲ್ಲದೆ ಕೋಳಿಗೂಡಿನ ಮೇಲೂ ಇಟ್ಟಿದ್ದೇನೆ. ಹಿಮೆನಾ ತಿಂದು ತಿಂದು ಜೋಲಿಯಲ್ಲಿ ಮಲಗಿದ್ದಾಳೆ. ನೆಲ ಸುಮ್ಮನಿದೆ. ಬೀಗದಕೈ ನನ್ನ ಸೊಂಟದಲ್ಲಿದೆ. ಎಷ್ಟು ಹಗುರಾಗಿದ್ದೇನೆ ಎಂದರೆ ಬೆಳಗ್ಗೆಯಿಂದ ಮೂರು ಸಲ ಕನ್ನಡಿ ನೋಡಿಕೊಂಡೆ.

ನಿನ್ನೆಯ ರವಿಕೆ ಒಗೆಯುವುದಕ್ಕೆ ಹಾಕಬೇಕು. ಭುಜದ ಮೇಲೆ ಬೆವರಿನ ಬಿಳಿ ಗುರುತಾಗಿದೆ. ನಾಳೆ ಒಗೆದರಾಯಿತು.

ಏಪ್ರಿಲ್ ೨೨, ಮಂಗಳವಾರ

ಅಬ್ಬಾ, ಹೋದರು. ಇನ್ನು ನೆಮ್ಮದಿ. ಇನ್ನು ಯಾರೂ ಲೋಟ ತೆಗೆದದ್ದಕ್ಕೆ ಥ್ಯಾಂಕ್ಸ್ ಹೇಳುವುದಿಲ್ಲ.

ಎಲ್ಲ ಕ್ರಮವಾಗಿಯೇ ನಡೆಯಿತು. ಎರವಲು ವಾಪಸ್ ಬಂದಿದೆ, ಅದಕ್ಕೆ ನಾನೇ ಗೂಟದಿಂದ ಟೋಪಿ ತೆಗೆದು, ಧೂಳು ಒರೆಸಿ, ಎಲ್ಲರೆದುರು ಒರಾಸಿಯೊ ಕೈಗೆ ಕೊಟ್ಟೆ. ತಲೆಗೆ ಹಾಕಿಕೊಂಡರು. ಜೀಪಿನವರೆಗೂ ಹೋದರು. ಹಿಮೆನಾ ಹತ್ತಿ ಕೂತಿದ್ದಳು. ಏನೋ ಮರೆತವರ ಹಾಗೆ ಮತ್ತೆ ಒಳಗೆ ಬಂದರು.

"ಅಮ್ಮಾವ್ರೇ," ಎಂದು ಅಮ್ಮನ ಮುಂದೆ ಕೂತರು. "ಆ ಆಮೆ ಜಡೆ ಅರ್ಧಕ್ಕೇ ನಿಂತಿದೆ. ಎರವಲು ಒಯ್ಯಬಹುದಾ? ಮುಗಿಸಿ ತಂದುಕೊಡ್ತೀನಿ."

ಅಮ್ಮ ಪೊರೆ ಬಂದ ಕಣ್ಣನ್ನು ನನ್ನ ಕಡೆಗೇ ತಿರುಗಿಸಿದಳು. "ನನ್ನ ಯಾಕೆ ಕೇಳ್ತೀಯ ಮಗಾ? ಹುಲ್ಲು ಅವಳದು."

ನಾನು ಏನು ಹೇಳಿದೆನೋ ನೆನಪಿಲ್ಲ. ಒಯ್ಯಿ ಅಂದಿರಬೇಕು. ಅವನು ಜಡೆಯನ್ನು ಕಾಗದದಲ್ಲಿ ಸುತ್ತಿ, ಮೊಸಳೆಯನ್ನು ಇಟ್ಟುಕೊಂಡ ಹಾಗೆ ಎರಡೂ ಕೈಯಲ್ಲಿ ಇಟ್ಟುಕೊಂಡ. ಆಮೇಲೆ ತಲೆಯಿಂದ ಟೋಪಿ ತೆಗೆದು ತಾನೇ ಗೂಟಕ್ಕೆ ಸಿಕ್ಕಿಸಿ, ಅದರ ಅಂಚನ್ನು ಒಂದು ಸಲ ಸರಿಮಾಡಿ, ಆ ಸುಡುಬಿಸಿಲಿನಲ್ಲಿ ಬರಿತಲೆಯಲ್ಲಿ ಹೊರಟುಹೋದ. ಹುಚ್ಚ. ಮೊಂತೇರಿಯಾ ಮುಟ್ಟುವಷ್ಟರಲ್ಲಿ ತಲೆನೋವು ಬಂದಿರುತ್ತದೆ.

ಸಂಜೆ ಊಟಕ್ಕೆ ಪಾತ್ರೆಯ ಮುಚ್ಚಳ ತೆಗೆದರೆ ಅಮ್ಮ ಮೂವರಿಗಾಗುವಷ್ಟು ಅನ್ನ ಮಾಡಿದ್ದಾಳೆ. ಕೇಳಿದ್ದಕ್ಕೆ, "ಕಣ್ಣು ಕಾಣಲ್ಲ ಕಣೇ, ಅಂದಾಜು ತಪ್ತು," ಅಂದಳು. ನಾನು ಬಡಿಸಿದೆ.